ದೀಪ ಅಲುಗದ ಗೋಡೆ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿರುವ ಕೆಲವು ವಿವರ ತಪ್ಪಿರಬಹುದು. ನಾನು ದಿನಚರಿ ಬರೆಯುವವಳು. ಆದರೂ ಹಳೆಯ ಪುಟ ತೆರೆದಾಗಲೆಲ್ಲ ಅದಕ್ಕೂ ನನ್ನ ನೆನಪಿಗೂ ತಾಳೆಯಾಗುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ನೆಲದ ಅಡಿಗೆ ತೆವಳಿದ ದಿನ ಧೋ ಎಂದು ಮಳೆ ಸುರಿಯುತ್ತಿತ್ತು ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದೆ. ದಿನಚರಿಯಲ್ಲಿ ಅವತ್ತು ಬಿಸಿಲು. ಬರೆದವಳೂ ನಾನೇ, ನೆನೆಯುವವಳೂ ನಾನೇ. ಇಬ್ಬರಲ್ಲಿ ಒಬ್ಬಳಿಗೆ ಕಥೆ ಕಟ್ಟುವ ಚಟ ಇದೆ, ಯಾರಿಗೆ ಎಂದು ಈಗಲೂ ಗೊತ್ತಿಲ್ಲ.

ಭೂಮಿಯ ದಕ್ಷಿಣ ತುದಿಯ ಈ ದೇಶಕ್ಕೆ ಓದಲು ಬಂದು ಇಲ್ಲೇ ನಿಂತ ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆಯ ಕೆಲಸಗಳಿಗೆ ಸೇರುತ್ತಿದ್ದಾರೆ. ದೀಪಾವಳಿ ಕೂಟದಲ್ಲಿ ಸಿಕ್ಕಾಗ ತಟ್ಟೆ ಹಿಡಿದುಕೊಂಡು ಬಂದು, "ಆಂಟಿ, ಆ ಕೆಲಸ ಖರೇನ ಹೆಂಗಿರ್ತದ?" ಎಂದು ಕೇಳುತ್ತಾರೆ. ಬಡ್ತಿಯ ವಿಷಯ ನನ್ನಲ್ಲಿ ಹೆಚ್ಚಿಗೆ ಇಲ್ಲ. ಯಾರೂ ಅವರಿಗೆ ಹೇಳದ ಒಂದು ಸಂಗತಿ ಮಾತ್ರ ಇದೆ. ಬೇರೆಯವರ ಮನೆ ಬೆಚ್ಚಗೆ ಮಾಡಿಸುವ ಕೆಲಸದಲ್ಲಿ ದಿನಾ ಬೇರೆಯವರ ಮನೆಯೊಳಗೆ ಹೋಗಬೇಕು. ಅವರು ಎಲ್ಲಿ ಕೂಡುತ್ತಾರೆ, ಯಾರ ಪಕ್ಕದಲ್ಲಿ ಮಲಗುತ್ತಾರೆ, ಯಾರಿಗೆ ಮೊದಲು ಚಹಾ ಕೊಡುತ್ತಾರೆ, ಎಲ್ಲ ಕಣ್ಣಿಗೆ ಬೀಳುತ್ತದೆ. ನೋಡಿದಷ್ಟೂ ನನಗೆ ಹೊಟ್ಟೆಕಿಚ್ಚು. ನನಗೆ ಬೇಕಾಗಿದ್ದದ್ದು ಒಂದೇ. ಒಂದು ಚಳಿಗಾಲವಾದರೂ ಅವ್ವ ನನ್ನ ಮನೆಯಲ್ಲಿ ಇರಬೇಕು.

ಅಪ್ಪ ಹೋದ ಮೇಲೆ ನಾವಿಬ್ಬರು ಹೆಣ್ಣುಮಕ್ಕಳು ಅವ್ವನನ್ನು ಧಾರವಾಡದಿಂದ ಇಲ್ಲಿಗೆ ಕರೆಸಿಕೊಂಡೆವು. ತಂಗಿ ಶೈಲಾಳದು ಹೊಸ ಬಡಾವಣೆಯಾದ ಫ್ಲ್ಯಾಟ್ ಬುಷ್‌ನಲ್ಲಿ ಹೊಸ ಮನೆ. ಗೋಡೆಯೊಳಗೆ ಚಳಿ ತಡೆಯುವ ಹಾಸು, ಕಿಟಕಿಗೆ ಎರಡೆರಡು ಗಾಜು, ಒಳಗೆ ಕಾಲಿಟ್ಟರೆ ಸ್ವೆಟರ್ ತೆಗೆಯಬೇಕು. ನಮ್ಮದು ಹಳೆಯ ಬಡಾವಣೆಯಾದ ಪಾಪಕುರಾದಲ್ಲಿ, ರೈಲು ಹಳಿಯಿಂದ ಸ್ವಲ್ಪ ಒಳಗೆ, ಕಂಬಗಳ ಮೇಲೆ ನಿಂತ ಹಳೆಯ ಮರದ ಮನೆ. ಬೆಳಿಗ್ಗೆ ಕಿಟಕಿಯ ಒಳಗಡೆ ನೀರಿಳಿಯುತ್ತಿರುತ್ತದೆ, ಅದಕ್ಕೆ ಟವೆಲ್ ಇಡುತ್ತೇವೆ. ಈಸ್ಟರ್ ಮುಗಿದು ಇಲ್ಲಿನ ಚಳಿಗಾಲ ಶುರುವಾಗುತ್ತಿದ್ದಂತೆ ಅವ್ವ, "ಇಲ್ಲೆ ಥಂಡಿ ಭಾಳ ಆತವಾ. ಮೊಣಕಾಲು ಹಿಡೀತಾವ" ಎಂದು ಶೈಲಾಳ ಮನೆಗೆ ಗಂಟು ಕಟ್ಟುವಳು. ಮತ್ತೆ ಬರುವುದು ಚಳಿ ಮುಗಿದು ದೀಪಾವಳಿ ಹೊತ್ತಿಗೆ.

ಗಂಟಿನ ವಿಷಯ ಹೇಳಬೇಕು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ತವರಿನವರು ಅನ್ನಪೂರ್ಣಿಯನ್ನೂ ಬಾಲಕೃಷ್ಣನನ್ನೂ ಕೊಟ್ಟು ಕಳಿಸುತ್ತಾರೆ. ಹೆಬ್ಬೆರಳಿನಷ್ಟು ಪುಟ್ಟ ಮೂರ್ತಿಗಳು. ಅನ್ನಪೂರ್ಣಿಯನ್ನು ಬಟ್ಟಲಿನ ಅಕ್ಕಿಯ ಮೇಲೆ ಕೂಡಿಸಬೇಕು, ಮುಂದೆ ದೀಪ ಹಚ್ಚಬೇಕು. ಅವ್ವ ಎಲ್ಲಿ ಇರಲು ಹೋದರೂ ಆ ಎರಡನ್ನೂ ರೇಷ್ಮೆ ಖಣದಲ್ಲಿ ಸುತ್ತಿ ಒಯ್ಯುವಳು. ಹೋದಲ್ಲಿ ಮೊದಲು ದೇವರಿಗೆ ಜಾಗ, ಆಮೇಲೆ ತನ್ನ ಹಾಸಿಗೆ. ಎರಡು ದಿನ ನೆಂಟರ ಮನೆಗೆ ಹೋದರೆ ಮಾತ್ರ ದೇವರು ಮನೆಯಲ್ಲೇ ಉಳಿಯುತ್ತಿದ್ದವು. "ಹೋಗಿಬರೋದಕ್ಕ ದೇವರಿಗ್ಯಾಕ ತ್ರಾಸು?" ಎನ್ನುವಳು.

ಇನ್ನು ಕೆಲಸ. ಎರಡು ಸಾವಿರದ ಹತ್ತರ ದಶಕದಲ್ಲಿ ಇಲ್ಲಿನ ಕೆಲವು ಕೌನ್ಸಿಲ್‌ಗಳು ಮನೆಯವರಿಗೆ ಒಂದು ಬಗೆಯ ಸಾಲ ಕೊಡುತ್ತಿದ್ದವು. ಹಳೆಯ ಮನೆಯ ಚಾವಣಿಗೂ ನೆಲದಡಿಗೂ ಉಣ್ಣೆಯಂಥ ದಪ್ಪ ಹಾಸು ಹಾಕಿಸಬೇಕು, ಹೊಗೆ ಬಿಡುವ ಒಲೆ ತೆಗೆಸಿ ಬಿಸಿಗಾಳಿ ಊದುವ ಯಂತ್ರವಾದ ಹೀಟ್‌ಪಂಪ್ ಕೂಡಿಸಬೇಕು, ಕೈಯಲ್ಲಿ ದುಡ್ಡಿಲ್ಲ. ಕೌನ್ಸಿಲ್ ಮೊದಲು ಖರ್ಚು ಹಾಕುತ್ತದೆ. ಮನೆಯವರು ಅದನ್ನು ವರ್ಷವರ್ಷ ಮನೆಯ ತೆರಿಗೆಯ ಜೊತೆಗೆ ತೀರಿಸುತ್ತಾರೆ. ಕೆಲವೆಡೆ ಇದೇ ದಾರಿಯಲ್ಲಿ ಬಿಸಿಲಿನ ಫಲಕ, ಮಳೆನೀರಿನ ಟ್ಯಾಂಕು, ಭೂಕಂಪಕ್ಕೆ ಬೀಳುವಂಥ ಇಟ್ಟಿಗೆ ಚಿಮಣಿ ತೆಗೆಸುವುದರ ಮಾತೂ ನಡೆದಿತ್ತು. ವಿಶೇಷವೆಂದರೆ ಈ ಸಾಲ ಮನುಷ್ಯನ ಮೇಲಲ್ಲ, ಮನೆಯ ಮೇಲೆ. ಮನೆ ಮಾರಿದರೆ ಉಳಿದ ಕಂತೂ ಮನೆಯ ಜೊತೆಗೇ ಹೋಗುತ್ತದೆ. ಯಾರು ಬೆಚ್ಚಗಿರುತ್ತಾರೋ ಅವರು ಕಟ್ಟಲಿ ಎಂಬ ನ್ಯಾಯ.

ನನಗೆ ಈ ನ್ಯಾಯ ಬಹಳ ಹಿಡಿಸಿತ್ತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಚೆನ್ನಾಗಿ ವಿವರಿಸುತ್ತಲೂ ಇದ್ದೆ. ಒಂದು ದಿನ ಒಬ್ಬಾತ ಫೋನ್ ಮಾಡಿದ. ಹೊಸದಾಗಿ ಮನೆ ಕೊಂಡವನು. ತೆರಿಗೆಯ ಚೀಟಿಯಲ್ಲಿ ಹೆಚ್ಚಿಗೆ ಬಂದದ್ದು ನೋಡಿ ಕಿಡಿಕಿಡಿಯಾಗಿದ್ದ.

"ನಾನು ಹಾಕಿಸದ ಹೀಟ್‌ಪಂಪ್‌ಗೆ ನಾನ್ಯಾಕೆ ಕೊಡಬೇಕು?"

"ಅದು ನಿಮ್ಮ ಮನೆಯಲ್ಲೇ ಇದೆಯಲ್ಲ," ಎಂದೆ.

"ಇದೆ. ಅದರ ಮುಂದೆಯೇ ಕೂತು ನಿಮ್ಮ ಹತ್ತಿರ ಮಾತಾಡುತ್ತಿದ್ದೇನೆ."

"ಬೆಚ್ಚಗಿದೆಯೇ?"

"ಮಾತು ಅದಲ್ಲ," ಎಂದ. ಆಮೇಲೆ ಅವನಿಗೆ ನಗು ಬಂತು. ನಮ್ಮ ಮನೆಯಲ್ಲಿ ಅವತ್ತು ಬೆಳಿಗ್ಗೆ ಕೊಬ್ಬರಿಎಣ್ಣೆ ಬಾಟಲಿ ಕಲ್ಲಾಗಿತ್ತು. ಮನೆ ಮಾರುವವರು ಈ ಕಂತಿನ ವಿಷಯ ಕೊಳ್ಳುವವರಿಗೆ ಮೊದಲೇ ಹೇಳುವಂತೆ ನೋಡಿಕೊಳ್ಳಿ. ಇದು ನಿಮಗೆಲ್ಲ ನನ್ನ ಬುದ್ಧಿಮಾತು. ಅವನ ಕೋಣೆಯ ಬಿಸಿ ಫೋನಿನೊಳಗಿಂದ ನನ್ನ ಕಿವಿಗೆ ತಾಗಿದ ಹಾಗಾಯಿತು ಅನ್ನುವುದು ಬುದ್ಧಿಮಾತಲ್ಲ, ಸುಮ್ಮನೆ ಬರೆದಿದ್ದೇನೆ.

ನನ್ನ ಮೇಲಧಿಕಾರಿ ಗ್ರೇಮ್ ಎಂಬ ಎತ್ತರದ ಮನುಷ್ಯ. ಮಾತು ಕಡಿಮೆ. ತನ್ನ ಸಾಮಾನು ಗಾಡಿ ಯೂಟ್‌ನ ಹಿಂಭಾಗದಲ್ಲಿ ನೆಲದಡಿ ತೆವಳಲು ಬೇರೆ ಬೇರೆ ಅಳತೆಯ ಮೇಲುಡುಪು ಹೇರಿಕೊಂಡೇ ತಿರುಗುತ್ತಿದ್ದ. ಮೊದಲು ಹೇಳಿದೆನಲ್ಲ, ಮಳೆಯೋ ಬಿಸಿಲೋ ಗೊತ್ತಿಲ್ಲದ ದಿನ, ಅವತ್ತು ನನ್ನ ಸೀರೆಯಂಥ ಉದ್ದನೆಯ ಸ್ಕಾರ್ಫ್ ನೋಡಿ, "ಅದನ್ನು ಮೇಲೆಯೇ ಬಿಟ್ಟು ಬಾ," ಎಂದಷ್ಟೇ ಹೇಳಿ ನೆಲದಡಿಯ ಕಿಂಡಿಯೊಳಗೆ ಮಾಯವಾದ. ಹಿಂದೆಯೇ ತೆವಳಿದೆ. ಮಣ್ಣು, ಜೇಡರ ಬಲೆ, ಯಾರದೋ ಮಗು ಕಳೆದುಕೊಂಡ ಚೆಂಡು. "ಮೊದಲು ಮೂಗು, ಆಮೇಲೆ ತೇವದ ಮೀಟರು," ಎನ್ನುತ್ತಿದ್ದ. ಮನೆಯವರು ಚಳಿಯಲ್ಲೂ ಕಿಟಕಿ ತೆರೆದು ನಮಗಾಗಿ ಕಾಯುತ್ತಿದ್ದರೆ ಅದೇ ಮನೆಯಲ್ಲಿ ಹೆಚ್ಚು ಥಂಡಿ ಎಂದು ತಿಳಿ, ಬೂಷ್ಟಿನ ವಾಸನೆ ಮುಚ್ಚಲು ತೆರೆದಿರುತ್ತಾರೆ. ಬಟ್ಟೆ ಎಲ್ಲಿ ಒಣಗಿಸುತ್ತಾರೆ ಎಂದು ಕೇಳಬೇಡ, ಸ್ನಾನದ ಮನೆ ತೋರಿಸಿ ಎನ್ನು, ದಾರಿಯಲ್ಲಿ ಒಳಗೇ ತೂಗಿ ತೇವ ಹೆಚ್ಚಿಸುವ ಬಟ್ಟೆ ತಾನೇ ಕಾಣುತ್ತದೆ. ಇಂಥವೆಲ್ಲ ಅವನಿಂದ ಕಲಿತೆ.

ಒಮ್ಮೆ ಅವನೇ ನನ್ನನ್ನು ಕೇಳಿದ: "ನಿಮ್ಮವರ ಅಡಿಗೆಮನೆಗಳಲ್ಲಿ ಒಂದು ಶಿಳ್ಳೆ ಹೊಡೆಯುತ್ತದಲ್ಲ, ಅದೇನು?"

"ಕುಕ್ಕರ್. ಬೇಳೆ ಬೇಯುವ ತನಕ ಶಿಳ್ಳೆ."

"ಕಿಟಕಿ ತೆರೆದು ಶಿಳ್ಳೆ ಹೊಡೆಸುತ್ತಾರೋ, ಮುಚ್ಚಿಯೋ?"

ಮುಚ್ಚಿ. ನಾನೂ ಮುಚ್ಚಿಯೇ ಹೊಡೆಸುತ್ತಿದ್ದೆ. ಅವತ್ತಿನಿಂದ ನಮ್ಮವರ ಮನೆಗಳ ತೇವದ ಲೆಕ್ಕಕ್ಕೆ ಗ್ರೇಮ್ ಬೇಳೆಯನ್ನೂ ಸೇರಿಸಿದ.

ನನ್ನ ಜೊತೆಗೆ ಕೆಲಸ ಮಾಡುತ್ತಿದ್ದವಳು ಟ್ರೇಸಿ. ಇಲ್ಲಿಯೇ ಹುಟ್ಟಿ ಬೆಳೆದವಳು. ಅವಳ ಮೇಲೆ ನನಗಿದ್ದ ಅಸೂಯೆ ಬೇರೆ ಥರದ್ದು. ನಾನು ಒಂದು ಮನೆಗೆ ಹೋದರೆ ಸೋಫಾದ ಅಂಚಿಗೆ ಕೂತು ಯೋಜನೆ ವಿವರಿಸುತ್ತಿದ್ದೆ. ಅವಳು ಹೋದರೆ ತಾನೇ ಕೆಟಲ್ ಹಚ್ಚುತ್ತಿದ್ದಳು. "ನಿನ್ನ ಅಮ್ಮ ಹೇಗಿದ್ದಾಳೆ ವಸು?" ಎಂದು ನನ್ನನ್ನು ದಿನಾ ಕೇಳುವಳು. ಅವಳ ಅಮ್ಮ ಪಕ್ಕದ ಬೀದಿಯಲ್ಲೇ ಒಬ್ಬಳೇ ಇದ್ದಳು. ಟ್ರೇಸಿ ವಾರಕ್ಕೊಮ್ಮೆ ಹೋಗಿ ಜಗಳವಾಡಿ ಬರುವಳು. ಆ ಜಗಳದ ಮೇಲೂ ನನಗೆ ಕಣ್ಣು. ಅವ್ವ ಚಳಿಗಾಲದಲ್ಲಿ ನನ್ನ ಹತ್ತಿರ ಇದ್ದಿದ್ದರೆ ತಾನೇ ಜಗಳ?

ಇಷ್ಟು ಓದಿದವರಿಗೆ ಒಂದು ಪ್ರಶ್ನೆ ಬಂದಿರುತ್ತದೆ. ಎಲ್ಲರಿಗೂ ಮಾಡಿಸುವವಳು ತನ್ನ ಮನೆಗೆ ಯಾಕೆ ಮಾಡಿಸಲಿಲ್ಲ? ನನ್ನ ಗಂಡ ಗುರುರಾಜ ಒಪ್ಪುತ್ತಿರಲಿಲ್ಲ. "ಮಾರೋ ಮನಿಗೆ ಯಾಕ ಹಚ್ಚಬೇಕು? ಮುಂದಿನ ವರ್ಷ ಫ್ಲ್ಯಾಟ್ ಬುಷ್‌ಗೆ ಹೋಗೋಣ" ಎಂದು ಪ್ರತಿವರ್ಷ ಹೇಳುತ್ತಿದ್ದರು. ಫ್ಲ್ಯಾಟ್ ಬುಷ್‌ನ ಮನೆಗಳ ಬೆಲೆ ನಮಗಿಂತ ಜೋರಾಗಿ ಓಡುತ್ತಿತ್ತು. ನಾನು ಶೈಲಾಳ ಮನೆಯಿಂದ ಬಂದ ರಾತ್ರಿ ಮುಖ ಗಂಟುಹಾಕಿ ಕೂತಿದ್ದರೆ ನಗುತ್ತ, "ಹೀಟ್‌ಪಂಪ್ ಯಾಕ? ನಿನ್ನ ಹೊಟ್ಟೆಕಿಚ್ಚಿನಾಗ ಎರಡು ಮನಿ ಬೆಚ್ಚಗಾಗ್ತಾವ" ಎನ್ನುವರು. ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಶೈಲಾ ಒಳ್ಳೆಯವಳು. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವಳಾಗಿದ್ದರೆ ಸುಲಭವಿತ್ತು. ಭಾನುವಾರ ಹೋದರೆ ಅವ್ವನ ಕೈ ನನ್ನ ಕೈಯಲ್ಲಿಟ್ಟು, "ನೋಡಕ್ಕಾ, ಎಷ್ಟು ಬೆಚ್ಚಗವ. ಈ ವರ್ಷ ಒಂದು ದಿನಾನೂ ಕೆಮ್ಮಿಲ್ಲ" ಎನ್ನುವಳು. ಅವಳ ಮಕ್ಕಳು ಅವ್ವನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಮೈಮೇಲೆ ಬಿದ್ದು ಆಡುತ್ತಿದ್ದವು. ಸಂಜೆ ದೇವರ ಮುಂದೆ ದೀಪ ಹಚ್ಚುವ ಸರದಿಗಾಗಿ ಕಾದಾಡುತ್ತಿದ್ದವು. ನಾನು ಬಿಸಿ ಕೈಯನ್ನು ಹಿಡಿದುಕೊಂಡು, ಇದು ಮನೆಯ ಬಿಸಿ, ಬರೀ ಮನೆಯ ಬಿಸಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ದೀಪದ ಮಾತು ಬಂತು. ನಮ್ಮ ಕಚೇರಿಯಲ್ಲಿ ಈಗಲೂ ನಗುವ ಒಂದು ಪ್ರಕರಣ ಇದೆ. ಪಾಪಕುರಾದಲ್ಲೇ ಇದ್ದ ಒಂದು ವಿಜಯಪುರದ ಕುಟುಂಬ, ಕೌನ್ಸಿಲ್‌ನಲ್ಲಿ ನಮ್ಮವರೊಬ್ಬರು ಇದ್ದಾರೆ ಎಂದು ನನ್ನನ್ನೇ ಹುಡುಕಿಕೊಂಡು ಬಂದಿತ್ತು. ಮಗ, ಸೊಸೆ, ಮೊಮ್ಮಗ, ಅಜ್ಜಿ. ಹೀಟ್‌ಪಂಪ್ ಯಾವ ಗೋಡೆಗೆ ಎಂದು ಕೂಡಿಸುವವನು ತೋರಿಸಿದ, ನಾನು ನೋಡಿ ಹೂಂ ಎಂದೆ. ಕೋಣೆಯ ಉದ್ದಕ್ಕೂ ಗಾಳಿ ಬೀಸುವ ಜಾಗ, ಪುಸ್ತಕದ ಪ್ರಕಾರ ಸರಿಯಾದ ಜಾಗ. ಚಳಿಗಾಲ ಅರ್ಧ ಕಳೆದ ಮೇಲೆ ವಿಚಾರಿಸಲು ಹೋದರೆ ಮನೆ ಮೊದಲಿನಷ್ಟೇ ತಣ್ಣಗೆ. ಅಜ್ಜಿ ಶಾಲು ಹೊದ್ದು ಕೂತಿದ್ದರು. ಯಂತ್ರ ಬಂದ್.

"ಯಾಕ ಬಂದ್ ಇಟ್ಟೀರಿ ಅಜ್ಜಿ?"

"ನೀ ಯಾರ ಮಗಳವಾ? ಧಾರವಾಡದಾಕಿ ಅಂತೀ, ಅಷ್ಟೂ ತಿಳಿಯೂದಿಲ್ಲೇನು? ದೇವರ ಮುಖಕ್ಕ ಗಾಳಿ ಊದೋ ಯಂತ್ರ ಇಟ್ಟು ಹೋಗೀದಿ."

ತಿರುಗಿ ನೋಡಿದೆ. ಎದುರು ಗೋಡೆಗೆ ದೇವರ ಕಪಾಟು, ಅದರಲ್ಲಿ ನಂದಾದೀಪ. ಆರದಂತೆ ಕಾಯಬೇಕಾದ ದೀಪ. ಯಂತ್ರ ಶುರುವಾದೊಡನೆ ಆರುತ್ತಿತ್ತಂತೆ. ಮೊದಲ ಸಲ ಬಂದಾಗ ನಾನು ಅದೇ ದೇವರಿಗೆ ಕೈಮುಗಿದಿದ್ದೆ.

ಮೊಮ್ಮಗ ಇಂಗ್ಲಿಷಿನಲ್ಲಿ, "ಬ್ಯಾಟರಿ ದೀಪ ಇಡೋಣ ಅಂದರೆ ಅಜ್ಜಿ ಕೇಳಲ್ಲ ಆಂಟಿ," ಎಂದ.

"ಏನಂತಾನ ಅಂವ?" ಅಜ್ಜಿ ಕೇಳಿದರು. ಹೇಳಿದೆ. "ಹಂಗಾದ್ರ ನಾಳಿಂದ ಅವಗ ಊಟದ ಫೋಟೋ ಬಡಸ್ತೀನಿ, ತಿನ್ನಲಿ," ಎಂದರು.

ಕೊನೆಗೆ ದೇವರ ಕಪಾಟನ್ನು ಪಕ್ಕದ ಗೋಡೆಗೆ ಸರಿಸಿದೆವು. ಸರಿಸುವ ಮುಂಚೆ ಒಳ್ಳೆಯ ದಿನ ನೋಡಬೇಕಾಯಿತು. ಗ್ರೇಮ್‌ಗೆ ವರದಿಯಲ್ಲಿ ಏನೆಂದು ಬರೆಯಲಿ? 'ದೇವರ ಒಪ್ಪಿಗೆಗೆ ಕಾಯಲಾಗುತ್ತಿದೆ' ಎಂದು ಬರೆದೆ. ಅವನು ಕಣ್ಣು ಮಿಟುಕಿಸದೆ ಸಹಿ ಮಾಡಿದ. ಅವತ್ತಿನಿಂದ ಯಾವ ಮನೆಗೆ ಹೋದರೂ, ಯಾವ ಧರ್ಮದವರಾದರೂ, "ನೀವು ಉರಿಯನ್ನು ಎಲ್ಲಿ ಇಡುತ್ತೀರಿ?" ಎಂದು ಕೇಳುವುದು ನಮ್ಮ ಕಚೇರಿಯ ಪದ್ಧತಿಯಾಯಿತು. ಆದರೆ ಅವತ್ತು ಮನೆಗೆ ಬರುತ್ತ ನಾನು ಯೋಚಿಸಿದ್ದು ನನ್ನ ತಪ್ಪನ್ನಲ್ಲ. ಆ ಸೊಸೆ, ಅತ್ತೆಯ ಹಟಕ್ಕಾಗಿ ಅರ್ಧ ಚಳಿಗಾಲ ಒಂದೂ ಮಾತಾಡದೆ ನಡುಗಿದ್ದಳಲ್ಲ, ಅದನ್ನು. ನಾನು ನಡುಗಲು ತಯಾರಿದ್ದೆ, ಹಟ ಮಾಡಲು ನನ್ನ ಮನೆಯಲ್ಲಿ ಯಾರೂ ಇರಲಿಲ್ಲ.

ಇನ್ನೊಂದು ಮನೆ ಮೆರೆ ಎಂಬ, ಇಲ್ಲಿನ ಮೂಲನಿವಾಸಿ ಮಾವೊರಿ ಜನಾಂಗದ ಅಜ್ಜಿಯದು. ಅವಳ ಮನೆಯಲ್ಲಿ ಚಳಿಗಾಲ ಬಂತೆಂದರೆ ಮೊಮ್ಮಕ್ಕಳೆಲ್ಲ ನಡುಮನೆಯಲ್ಲಿ ಹಾಸಿಗೆ ಎಳೆದು ಅವಳ ಸುತ್ತ ಮಲಗುತ್ತಿದ್ದರು. ಕಾಯಿಸಲು ಸಾಧ್ಯವಿದ್ದದ್ದು ಅದೊಂದೇ ಕೋಣೆ. ಟ್ರೇಸಿಯೂ ನಾನೂ ಆ ಮನೆಯ ಕೆಲಸ ಮುತುವರ್ಜಿಯಿಂದ ಮಾಡಿಸಿದೆವು. ಮರುವರ್ಷ ಹೋದಾಗ ಮನೆಯೆಲ್ಲ ಬೆಚ್ಚಗಿತ್ತು, ಒಣಗಿತ್ತು. ಮೆರೆ ನಮಗೆ ಬಿಸ್ಕತ್ತು ಕೊಟ್ಟು, ಹಾಸಿಗೆಗಳಿಲ್ಲದ ನಡುಮನೆಯನ್ನು ನೋಡುತ್ತ, "ಮಕ್ಕಳ ಕೆಮ್ಮು ಹೋಯಿತು. ಮಕ್ಕಳೂ ಹೋದವು, ಅವರವರ ಕೋಣೆಗೆ," ಎಂದಳು. ಟ್ರೇಸಿ ಜೋರಾಗಿ ನಕ್ಕಳು, ಮೆರೆಯೂ ನಕ್ಕಳು. ನಾನು ಮಾತ್ರ ಆ ಹಾಸಿಗೆಗಳನ್ನು ಎಣಿಸಲು ಹೋಗಿ, ಅವು ಅಲ್ಲಿಲ್ಲ ಎಂದು ನೆನಪಾಗಿ, ಇನ್ನೊಂದು ಬಿಸ್ಕತ್ತು ಎತ್ತಿಕೊಂಡೆ. ಜನರನ್ನು ಹತ್ತಿರ ಕೂಡಿಸುವುದು ಬಿಸಿಯೋ ಚಳಿಯೋ ಎಂದು ಅವತ್ತೇ ಯೋಚಿಸಬೇಕಿತ್ತು. ಅಥವಾ ಯೋಚಿಸಿದ್ದೆನೋ ಏನೋ. ಆ ದಿನದ ಪುಟದಲ್ಲಿ 'ಮೆರೆ ಮನೆ, ಕೆಲಸ ಚೆನ್ನಾಗಿದೆ' ಎಂದು ಮಾತ್ರ ಇದೆ.

ದಶಕದ ಕೊನೆಯ ಹೊತ್ತಿಗೆ ಪದ್ಧತಿ ಬದಲಾಯಿತು. ನೆಲದಡಿಗೆ ನಾವು ತೆವಳಬೇಕಾಗಿಲ್ಲ, ಕೆಲಸಗಾರರು ಫೋಟೋ ಕಳಿಸುತ್ತಾರೆ, ನಾವು ಪರದೆಯ ಮೇಲೆ ನೋಡಿ ಒಪ್ಪುತ್ತೇವೆ. ಬೇಗ ಆಗುತ್ತದೆ, ಬೆನ್ನಿಗೂ ಒಳ್ಳೆಯದು. ಆದರೆ ಫೋಟೋಕ್ಕೆ ವಾಸನೆ ಇಲ್ಲ. ಗ್ರೇಮ್ ತನ್ನ ಮೇಲುಡುಪುಗಳನ್ನು ಕಚೇರಿಯ ಕೊಕ್ಕೆಗೆ ನೇತುಹಾಕಿ ನಿವೃತ್ತನಾದ. ಅವು ಬಹಳ ದಿನ ಅಲ್ಲಿಯೇ ಇದ್ದವು.

ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚಿನ ಚಳಿಗಾಲದಲ್ಲಿ ಗುರುರಾಜರಿಗೆ ಎದೆ ಕಟ್ಟಿ ವಾರಗಟ್ಟಲೆ ಮಲಗುವಂತಾಯಿತು. ಎದ್ದು ಕೂತ ದಿನ ಅವರೇ, "ಮನಿ ಮಾರೂದು ಆಗೂದಿಲ್ಲ ಬಿಡು. ಹಚ್ಚಸು" ಎಂದರು. ನನ್ನ ಮನೆಯ ಕಡತವನ್ನು ನಾನು ಮುಟ್ಟುವಂತಿಲ್ಲ, ಅದು ನಿಯಮ. ನೋಡಲು ಟ್ರೇಸಿ ಬಂದಳು. ಅವಳು ಬರುವ ಬೆಳಿಗ್ಗೆ ನಾನು ಏನು ಮಾಡಿದೆ ಊಹಿಸಿ. ಕಿಟಕಿಗಳನ್ನೆಲ್ಲ ತೆರೆದಿಟ್ಟೆ.

ಟ್ರೇಸಿ ಬಾಗಿಲಲ್ಲೇ ನಿಂತು ತೆರೆದ ಕಿಟಕಿಗಳನ್ನು ನೋಡಿದಳು, ನನ್ನನ್ನು ನೋಡಿದಳು. "ವಸು, ನೀನೂನಾ?" ಎಂದಳು. ಕಪಾಟಿನ ಹಿಂದಿನ ಕಪ್ಪು ಬೂಷ್ಟು ನೋಡಿ, "ನಮ್ಮ ಕರಪತ್ರದಲ್ಲಿ 'ಮೊದಲು' ಅಂತ ಒಂದು ಚಿತ್ರ ಇದೆಯಲ್ಲ, ಅದನ್ನು ಇಲ್ಲೇ ತೆಗೆದರೇನು?" ಎಂದಳು. ಆಮೇಲೆ ತಾನೇ ಕೆಟಲ್ ಹಚ್ಚಿದಳು. ಹೀಟ್‌ಪಂಪ್ ಎಲ್ಲಿ ಎಂಬ ಮಾತು ಬಂದಾಗ ಅವಳು ನಡುಮನೆಯ ಉದ್ದ ಗೋಡೆ ತೋರಿಸಿದಳು. ಪುಸ್ತಕದ ಪ್ರಕಾರ ಸರಿಯಾದ ಜಾಗ. ನಾನು ಬೇಡವೆಂದೆ. ಅದರ ಎದುರು ಮೂಲೆ ಅವ್ವನ ದೇವರಿಗೆ. ಬಾಗಿಲ ಮೇಲಿನ ಗೋಡೆಗೆ ಹಾಕಿಸಿದರೆ ಆ ಮೂಲೆಗೆ ಗಾಳಿ ತಾಗುವುದಿಲ್ಲ. ಕೋಣೆ ಬಿಸಿಯಾಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಇರಲಿ. ಟ್ರೇಸಿ ವಾದಿಸಲಿಲ್ಲ. "ಉರಿ ಎಲ್ಲಿ ಇಡುತ್ತೀರಿ ಅಂತ ಮೊದಲು ಕೇಳಬೇಕಿತ್ತು," ಎಂದು ಬರೆದುಕೊಂಡಳು.

ಕೆಲಸ ಮುಗಿದ ದಿನ ನಾನು ಆ ಮೂಲೆಯಲ್ಲಿ ಒಂದು ದೀಪ ಹಚ್ಚಿಟ್ಟು, ಯಂತ್ರವನ್ನು ಜೋರಾಗಿ ಓಡಿಸಿ, ನೆಲದ ಮೇಲೆ ಕೂತು ನೋಡಿದೆ. ಕುಡಿ ನೆಟ್ಟಗೆ ನಿಂತಿತ್ತು. ಗುರುರಾಜರು ಬಂದು ನೋಡಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದರು. ನಾನು ಹೊಸ ಬಟ್ಟಲು ತಂದೆ. ಅಕ್ಕಿ ತುಂಬಿಟ್ಟೆ.

ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ನಮ್ಮ ಮನಿ ಈಗ ಶೈಲಾನ ಮನಿಗಿಂತ ಬೆಚ್ಚಗದ. ಇನ್ನ ನೆವಾ ಹೇಳೂ ಹಂಗಿಲ್ಲ" ಎಂದೆ. ಹೀಗೆಯೇ ಹೇಳಿದೆನೇ? 'ಗಿಂತ' ಎಂದೆನೇ, 'ಹಂಗ' ಎಂದೆನೇ? ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ನೆನೆದಾಗಲೆಲ್ಲ ನನಗೆ ನನ್ನ ದನಿ ಸ್ವಲ್ಪ ಸ್ವಲ್ಪ ಏರಿದ ಹಾಗೆ ಕೇಳುತ್ತದೆ. ಅವ್ವ ಮಾತ್ರ, "ಹೌದೇನು? ಛಲೋ ಆತು. ಬರ್ತೀನಿ ತಗೋ" ಎಂದದ್ದು ಖಂಡಿತ.

ಬಂದಳು. ಹೊರಗೆ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂತ ಬೆಳಿಗ್ಗೆ ಶೈಲಾ ಕಾರಿನಲ್ಲಿ ಬಿಟ್ಟುಹೋದಳು. ಅವ್ವ ಕೋಣೆ ಕೋಣೆ ಸುತ್ತಿ, ಗೋಡೆ ಮುಟ್ಟಿ, "ಖರೇನ ಬೆಚ್ಚಗದ. ನಿನ್ನ ಕೈ ದೊಡ್ಡದವಾ, ಎಷ್ಟು ಮಂದಿಗೆ ಹಿಂಗ ಮಾಡಿಸೀಯೋ" ಎಂದಳು. ಇಷ್ಟು ವರ್ಷ ನಾನು ಬಯಸಿದ ಮಾತು. ಕೇಳುತ್ತಲೇ ನನ್ನ ಕಣ್ಣು ಅವಳ ಗಂಟಿನ ಮೇಲಿತ್ತು. ಎರಡು ಸೀರೆ, ಮಫ್ಲರ್, ಮೊಣಕಾಲಿನ ಎಣ್ಣೆ. ದೇವರನ್ನು ಸುತ್ತುವ ರೇಷ್ಮೆ ಖಣ ಇರಲಿಲ್ಲ, ನೆಂಟರ ಮನೆಗೆ ಹೋಗುವಾಗಿನ ಹಾಗೆ.

ಥಂಡಿ ಮನೆಗೆ ಅವಳು ಪ್ರತಿ ದೀಪಾವಳಿಗೂ ದೇವರನ್ನು ತಂದಿದ್ದಳು. ಟವೆಲ್ ಇಟ್ಟ ಕಿಟಕಿಯ ಪಕ್ಕದಲ್ಲಿ ಕೂಡಿಸಿದ್ದಳು.

ನಾನು ಚಹಾ ಮಾಡಲು ಹೋದೆ. ಅವ್ವ ಆ ಮೂಲೆಯ ಮುಂದೆ ನಿಂತು ಹೊಸ ಬಟ್ಟಲನ್ನೂ ಅಕ್ಕಿಯನ್ನೂ ನೋಡುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ನಾನು ಒಲೆಯ ಹತ್ತಿರದಿಂದಲೇ, ಆದಷ್ಟು ಸಹಜವಾಗಿ ಕೇಳಿದೆ.

"ಅವ್ವಾ, ಈ ಸರ್ತೆ ದೇವರನ್ಯಾಕ ತರಲಿಲ್ಲ?"

ಅವ್ವ ಬಟ್ಟಲಿನಿಂದ ಒಂದು ಅಕ್ಕಿ ಕಾಳು ಎತ್ತಿ, ಬೆರಳ ನಡುವೆ ಹೊರಳಿಸಿ, ಮತ್ತೆ ಅಲ್ಲೇ ಇಟ್ಟಳು. "ಚಹಾಕ್ಕ ಅಲ್ಲಾ ಹಾಕೀಯೇನು?" ಎಂದಳು.

ಶುಂಠಿ ಹಾಕಿದ್ದೆ. ನಾಲ್ಕು ದಿನ ಇದ್ದಳೋ ಐದು ದಿನವೋ, ಅದೂ ನೆನಪಿಲ್ಲ. ಕೆಮ್ಮಲಿಲ್ಲ, ಮೊಣಕಾಲು ನೋಯುತ್ತದೆ ಎನ್ನಲಿಲ್ಲ. ಶೈಲಾ ಬಂದು ಕರೆದುಕೊಂಡು ಹೋದಳು. ಈಗಲೂ ಹಾಗೆಯೇ ದೇವರಿಲ್ಲದೆ ಬಂದುಹೋಗುತ್ತಾಳೆ, ನಾನು ಅಲ್ಲಾ ಹಾಕಿ ಚಹಾ ಕೊಡುತ್ತೇನೆ, ಮೂಲೆಯ ಬಟ್ಟಲಿನ ಅಕ್ಕಿ ಬದಲಿಸುತ್ತೇನೆ.